ಅಜ್ಜಿಯ ಕಥೆಗಳಿದ್ದ ಡಿಸ್ಕ್

ಅಣ್ಣಾ,

ಒಂದು ಮನೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ ಇದ್ದರಂತೆ. ತೀರಿಹೋದ ಅಜ್ಜಿಯ ದನಿ, ಅವಳು ಹೇಳಿದ ಕಥೆಗಳು, ನಡುನಡುವೆ ಬರುವ ಕೆಮ್ಮು, ಎಲ್ಲವೂ ಮೆಟ್ಟಿಲ ಕೆಳಗಿನ ಸ್ಟೋರೇಜ್ ಪೆಟ್ಟಿಗೆಯಲ್ಲಿ, ಮನೆಯವರ ಫೈಲುಗಳನ್ನೆಲ್ಲ ಇಡುವ ಆ ಪುಟ್ಟ ಕಂಪ್ಯೂಟರಿನ ಡಿಸ್ಕಿನೊಳಗಿದ್ದವು. ಅದಕ್ಕೆ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವ ಮೊದಲು ಕಥೆಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಡುತ್ತೇನೆಂದು ಅಣ್ಣ ಮಾತು ಕೊಟ್ಟ. ಭಾನುವಾರ ತಂಗಿ ಕೇಳಿದ್ದಕ್ಕೆ, "ಆಯ್ತು ಬಿಡೇ, ಎಷ್ಟು ಸಲ ತಲೆ ತಿಂತೀಯ" ಅಂದ. ಅವಳು ನಂಬಿದಳು.

ಇವತ್ತು ಬೆಳಿಗ್ಗೆ ನೋಡಿದರೆ ನೀನು ಕೊಟ್ಟ ಪೆನ್‌ಡ್ರೈವ್ ಖಾಲಿ, ಪೆಟ್ಟಿಗೆಯಲ್ಲಿ ಕೆಂಪು ದೀಪ. ಬೇರೆ ಮಾಡೆಲ್ ಪೆಟ್ಟಿಗೆಯ ಇನ್‌ಸ್ಟಾಲ್ ಫೈಲ್ ಹಾಕಿದ್ದೀಯ. ಹಾಗಾಗಿ ಡಿಸ್ಕ್ ಅಳಿಸುವ ಮುಂಚೆಯೇ ಇನ್‌ಸ್ಟಾಲ್ ನಿಂತುಹೋಗಿದೆ. ಕಥೆಗಳು ಉಳಿದದ್ದು ನಿನ್ನ ಮಾತಿನಿಂದಲ್ಲ, ನಿನ್ನ ತಪ್ಪಿನಿಂದ.

ಮತ್ತೆ ಅದೇ ಫೈಲ್ ಹಾಕಿ ಇನ್‌ಸ್ಟಾಲ್ ಒತ್ತಬೇಡ. ಸರಿಯಾದ ಫೈಲಿನ ಹೆಸರು ಬರೆದು ಪೆಟ್ಟಿಗೆ ಮೇಲೆ ಅಂಟಿಸಿದ್ದೇನೆ.

ಊಟ ಮುಚ್ಚಿಟ್ಟಿದೆ, ಬಿಸಿ ಮಾಡಿಕೋ.

ಅಮ್ಮನಿಗೆ ನಾನು ಹೇಳಿಲ್ಲ. ನೀನೇ ಹೇಳು.

ಮರೆತೆ ಅಂದಿದ್ದರೆ ಇಬ್ಬರೂ ಕೂತು ಮಾಡುತ್ತಿದ್ದೆವು. ಆಯ್ತು ಅಂತ ಯಾಕೆ ಹೇಳಿದೆ?

ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಪೆಟ್ಟಿಗೆಯಿಂದ ಡಿಸ್ಕನ್ನು ತೆಗೆದು ನನ್ನ ಕಂಪ್ಯೂಟರಿಗೆ ಜೋಡಿಸಿ ಕೂತೆ. ಒಟ್ಟು ನಲವತ್ತೊಂದು ಕಥೆ. ಈಗಷ್ಟೇ ಕೊನೆಯದೂ ಕಾಪಿ ಆಯ್ತು. ಇನ್ನು ನೀನು ಏನು ಬೇಕಾದರೂ ಅಳಿಸಿಕೋ.