ಮೊಣಕೈ ಆಳದ ಕೆಸರು

ಕಡಲು ಒಳಬಂದ ನೂರ ಎಂಬತ್ತೊಂದನೆಯ ವರ್ಷ, ದೊಡ್ಡ ಇಳಿತದ ಎರಡನೆಯ ದಿನ.

ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ ಈ ಅಳಿವೆಯಲ್ಲಿ ಸಸಿ ನೆಟ್ಟವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಕಾಗದಗಳನ್ನು ಓದಿ ಕಲಿತದ್ದು. ತಿದ್ದುವವರು ಯಾರೂ ಉಳಿದಿಲ್ಲ. ಕ್ಷಮಿಸಿ.

ನನ್ನ ಹೆಸರು ಶೇವಂತಿ. ನಾನು ಈ ಊರಿನ ಕೇಳುಗಿತ್ತಿ. ನಿಮ್ಮಲ್ಲಿ ಈ ಕೆಲಸ ಇರಲಿಲ್ಲ. ನಮ್ಮಲ್ಲಿ ಮರ ಕಡಿಯುವ ಮೊದಲು ಅದನ್ನು ನೆಟ್ಟವರಿಗೆ ಕಾಗದ ಬರೆದು, ಮರ ಬರುವ ಮುಂಚೆ ಇಲ್ಲಿ ಏನಿತ್ತೆಂದು ಕೇಳಬೇಕು. ಕಾಗದವನ್ನು ಮಡಕೆಯಲ್ಲಿಟ್ಟು ಮರದ ಬುಡದಲ್ಲಿ ಮೊಣಕೈ ಆಳಕ್ಕೆ ಹೂಳಬೇಕು. ಉತ್ತರ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಕೇಳದೆ ಕೊಡಲಿ ಎತ್ತುವಂತಿಲ್ಲ. ಕಡಿಯಬೇಕೋ ಬೇಡವೋ ಎಂದು ಕೊನೆಗೆ ಹೇಳುವವಳೂ ನಾನೇ.

ನಮ್ಮ ಮನೆಗಳು ಕಂಬಗಳ ಮೇಲಿವೆ. ನಾವು ಅವನ್ನು ಕಾಲ್ಮನೆ ಎನ್ನುತ್ತೇವೆ. ಶಾಲೆ ಶುರುವಾಗುವುದು ಗಡಿಯಾರ ನೋಡಿ ಅಲ್ಲ, ನೀರು ಇಳಿದಾಗ. ಬೆಳಗ್ಗೆ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಅಕ್ಕಿಯ ಗಂಜಿ. ಹಿಂದೆ ಅದರ ಜೊತೆಗೆ ಬಳಚಿನ ಸಾರು ಇರುತ್ತಿತ್ತಂತೆ. ಚಿಪ್ಪಿನೊಳಗಿನ ಆ ಮಾಂಸದ ರುಚಿ ನಾನು ನೋಡಿದ್ದು ಎರಡೇ ಸಲ. ಬಳಚು ಇರುವುದು ಬಯಲು ಕೆಸರಿನಲ್ಲಿ. ನೀವು ನೆಟ್ಟ ಕಾಂಡ್ಲಾ ಎಂಬ ಉಪ್ಪುನೀರಿನ ಮರಗಳ ಸಂತತಿ ಈಗ ಹದಿನಾಲ್ಕು ಸಾಲಾಗಿ ಆ ಬಯಲನ್ನೆಲ್ಲ ತುಂಬಿದೆ.

ಬಳಚು ಹೆಕ್ಕಿಯೇ ಬದುಕುವ ಬುದವಂತಿ ಎಂಬ ಹಿರಿಯರಿಗೆ ಉಳಿದಿರುವುದು ಒಂದು ದೋಣಿಯಷ್ಟು ಅಗಲದ ಜಾಗ. ಮರ ತೆಗೆಯಿರಿ ಎಂದು ಕೇಳಿದವರು ಅವರೇ. ಬೇಡವೆಂದವನು ಪುರ್ಸು, ಅವನ ಮನೆ ದಡದ ಕಡೆಯ ಮೊದಲ ಸಾಲಿನ ಬೆನ್ನಿಗೇ ಇದೆ.

"ಮರ ಕಡದ್ರೆ ಸಮುದ್ರ ನನ್ನ ಅಡಗೆಮನೀಗೇ ಬರ್ತದೆ. ಆಗ ಬಳಚು ನನ್ನ ಒಲೆ ಮೇಲೇ ಹೆಕ್ಕೂಕೆ ಬಾ, ಅಕ್ಕಾ!" ಎಂದ ಬುದವಂತಿಗೆ.

ಅವನ ಭಯ ಸುಳ್ಳಲ್ಲ. ಅವನ ಅಜ್ಜನ ಮನೆ ಹಾಗೆಯೇ ಹೋಯಿತು.

ನಾನು ಪದ್ಧತಿಯಂತೆ ಮಡಕೆಯ ಗುಂಡಿಗಾಗಿ ಕಾಲುಸೇತುವೆಯ ಪಕ್ಕ, ಮೊದಲ ಸಾಲಿನಲ್ಲೇ ಅಗೆದೆ. ಕಪ್ಪಾದ ಹಳೆಯ ಬೇರು ಸಿಕ್ಕಿತು. ನನ್ನ ಹಿಂದಿನ ಆರು ಕೇಳುಗಿತ್ತಿಯರಿಗೂ ಅದೇ ಸಿಕ್ಕಿತ್ತು. ಇಲ್ಲಿ ಎಂದೆಂದಿಗೂ ಕಾಡೇ ಇತ್ತೆಂದು ಅವರು ತೀರ್ಮಾನಿಸಿದ್ದರು. ನಾನೂ ಹಾಗೇ ಹೇಳುವವಳಿದ್ದೆ.

ಬುದವಂತಿ ನಕ್ಕರು. "ಕಾಲು ಕೆಸರಾಗ್ತದೆ ಅಂತ ಮನೆ ಬುಡದಲ್ಲೇ ನಿಂತು ಕೇಳ್ತ್ಯಲ್ಲೆ ತಂಗಿ! ಸಮುದ್ರದ ಸುದ್ದಿ ನಿಂಗೆ ಇಲ್ಲಿ ಯಾರು ಹೇಳ್ತ್ರು?"

ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಕುತೂಹಲ. ಸೊಂಟದವರೆಗೆ ಕೆಸರಿನಲ್ಲಿ ಹೂತುಕೊಂಡು ಹೊರಗಿನ ಸಾಲಿಗೆ ಹೋದೆ. ಅಲ್ಲಿ ಮೊಣಕೈ ಆಳದಲ್ಲಿ ಬೇರಿಲ್ಲ, ಬಳಚಿನ ಹಾಸು ಇದೆ. ಎರಡೂ ಚಿಪ್ಪು ಮುಚ್ಚಿಕೊಂಡು, ಇದ್ದಲ್ಲೇ ಸತ್ತವು. ಪ್ರತಿ ಸಾಲಿನಲ್ಲೂ ಅಗೆಯುತ್ತ ಹಿಂದೆ ಬಂದೆ. ಆರನೆಯ ಸಾಲಿನವರೆಗೂ ಚಿಪ್ಪು. ಐದರಿಂದ ಒಳಗೆ ಬೇರು.

ನಿಮ್ಮ ಚಿತ್ರಗಳನ್ನು ನೋಡಿದ್ದೇನೆ. ಹಗ್ಗ ಹಿಡಿದು ನೆಟ್ಟ ನೇರ ಸಾಲುಗಳು, ಕೆಸರು ಮೆತ್ತಿದ ನಗುಮುಖಗಳು. ನೀವು ಕೆಟ್ಟವರಲ್ಲ. ಹಸಿರಿಲ್ಲದ ಜಾಗ ಖಾಲಿ ಎಂದು ತಿಳಿದಿರಿ, ಅಷ್ಟೇ. ಕಾಡಿನ ಚಿತ್ರಗಳು ನಿಮ್ಮಲ್ಲಿ ಸಾವಿರಾರು ಇವೆ. ಬರಿಯ ಕೆಸರಿನದು ಒಂದೂ ಸಿಗಲಿಲ್ಲ.

ನಾಳೆಯ ಇಳಿತಕ್ಕೆ ಹೊರಗಿನ ಒಂಬತ್ತು ಸಾಲು ಕಡಿಯಲು ಹೇಳಿದ್ದೇನೆ. ಒಳಗಿನ ಐದು ಉಳಿಯುತ್ತವೆ. ಪುರ್ಸುವಿನ ಮನೆಗೆ ಐದು ಸಾಲು ಸಾಕೇ ಎಂಬುದು ನನಗೆ ಗೊತ್ತಿಲ್ಲ. ಮಳೆಗಾಲದ ಮೊದಲ ಭರತಕ್ಕೆ ಕಡಲು ಏರುವಾಗ ನಾನು ಅವನ ಮನೆಯಲ್ಲೇ ಇರುತ್ತೇನೆಂದು ಮಾತು ಕೊಟ್ಟಿದ್ದೇನೆ. ನನಗೂ ಒಂದು ಚಾಪೆ ಹಾಕಿಡುತ್ತಾನಂತೆ, ಎತ್ತರದ ಕಡೆ.

ಒಂದು ಕೋರಿಕೆ. ನಿಮ್ಮ ಮುಂದೆ ಇನ್ನೂ ಬಯಲು ಕೆಸರಿದೆ. ಸಸಿ ಊರುವ ಮೊದಲು ನೀರಿನ ಅಂಚಿನವರೆಗೆ ನಡೆದು, ಕೈ ಹಾಕಿ ನೋಡಿ. ಏನು ಸಿಕ್ಕಿತೆಂದು ಬರೆದಿಡಿ, ಏನೂ ಸಿಗದಿದ್ದರೆ ಅದನ್ನೂ. ಓದಲು ನಾವಿದ್ದೇವೆ.

ಶೇವಂತಿ