ಮಡ್ಡಿಯ ಹೂವಿಗೆ ಬೇಲಿ

ಗೋಕಾಕ
18 ಜೂನ್ 2024

ಸದಾಶಿವ ಅವರಿಗೆ,

ಮದುವೆಯಾದಾಗಿನಿಂದ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಕಾಗದದ ಮೇಲೆ ಬರೆದರೆ ಅತ್ತೆಗೆ ಕೇಳಿಸುವುದಿಲ್ಲ ಎಂಬ ಧೈರ್ಯ. ಫೋನ್ ಮಾಡಿದರೆ ನೀವು ‘ಹೂಂ’ ಅಂದು ಅವರ ಕೈಗೆ ಕೊಡುತ್ತೀರಿ, ಅವರು ಊಟ ಆಯಿತಾ ಎಂದು ಕೇಳುತ್ತಾರೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಪತ್ರ.

ಮಡ್ಡಿಯ ಮೇಲಿನ ನನ್ನ ಹೂವಿನ ಜಾಗಕ್ಕೆ ನೀವು ಜಾಲಿಮುಳ್ಳಿನ ಬೇಲಿ ಹಾಕಿದ್ದೀರಿ, ಕುರಿಗಳನ್ನು ಆ ಕಡೆ ಬಿಡುತ್ತಲೇ ಇಲ್ಲ ಎಂದು ಬಾಜೂ ಮನೆಯ ಯಲ್ಲವ್ವ ಹೇಳಿದಳು. ನಿನ್ನೆ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಚಹಾ ಉಕ್ಕಿಸಿಬಿಟ್ಟೆ, ಮತ್ತೆ ಇಟ್ಟು ಅದನ್ನೂ ಉಕ್ಕಿಸಿದೆ. ಕಾಲೇಜಿನಲ್ಲಿ ಪಾಠ ಹೇಳುತ್ತ ಹೇಳುತ್ತ ಕಿಟಕಿಯಾಚೆಯ ಮೋಡ ನೋಡಿ ನಿಂತುಬಿಟ್ಟೆ, ಹುಡುಗಿಯರು ನಕ್ಕರು. ದಯವಿಟ್ಟು ಆ ಬೇಲಿ ತೆಗೆಯಿರಿ.

ಸಿಟ್ಟಾಗಬೇಡಿ, ಪೂರ್ತಿ ಓದಿ. ನನ್ನ ಆ ಹೂವಿನ ಗಿಡ, ಆ ಆರ್ಕಿಡ್, ವರ್ಷದ ಬಹುಪಾಲು ಗೆಡ್ಡೆಯಾಗಿ ನೆಲದೊಳಗೇ ಮಲಗಿರುತ್ತದೆ. ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದ ಮೇಲೆ ನೆಲಕ್ಕೆ ಅಂಟಿಕೊಂಡು ಒಂದೇ ಎಲೆ, ಆಮೇಲೆ ಗೇಣುದ್ದದ ದಂಟು, ತುದಿಗೆ ಬಿಳಿ ಹೂ. ಅದಕ್ಕೆ ಮಡ್ಡಿಯ ಕಲ್ಲುಗೂಡಿದ ಬಡ ಮಣ್ಣೇ ಬೇಕು. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಶಿಲೀಂಧ್ರವಿದೆ, ಅದೇ ಈ ಗಿಡಕ್ಕೆ ಉಣಿಸುತ್ತದೆ. ಗೊಬ್ಬರ ಹೆಚ್ಚಾದರೆ ಆ ಶಿಲೀಂಧ್ರ ಸಾಯುತ್ತದೆ, ತಗಚಿಯಂಥ ಕಸ ಎದ್ದು ಕೂರುತ್ತದೆ.

ಹೋದ ವರ್ಷ ಆದದ್ದು ಅದೇ. ಮುಂಗಾರಿಗೆ ಮೊದಲು ನೀವು ಅಲ್ಲಿ ಕುರಿ ತರುಬಿದಿರಿ, ನನಗೆ ಹೇಳದೆ. ಹಿಂಡಿಗೆ ಹಿಂಡನ್ನೇ ರಾತ್ರಿಯೆಲ್ಲ ಆ ನೆಲದ ಮೇಲೆ ಕೂರಿಸಿ, ಹಿಕ್ಕಿ ಗಂಜಲವನ್ನೆಲ್ಲ ಅಲ್ಲೇ ಬೀಳಿಸಿದಿರಿ. ಮಳೆ ಬಂದ ಮೇಲೆ ನಾನು ಹೋಗಿ ನೋಡಿದರೆ ಬರೀ ತಗಚಿ. ನಾನು ಅಳುತ್ತಿದ್ದೆ, ನೀವು ತಬ್ಬಿಬ್ಬಾಗಿ ನಿಂತಿದ್ದಿರಿ. “ಕುರಿ ತರುಬಿದ ಹೊಲದಾಗ ಜ್ವಾಳ ಆಳೆತ್ತರ ಬೆಳೀತೈತಿ. ನಿನ್ನ ಹೂವೂ ಹಂಗ ಬರಲಿ ಅಂತ ಮಾಡೀನಿ” ಅಂದಿರಿ. ನಾನು ಅಂದದ್ದೂ ನಿಮಗೆ ನೆನಪಿರಬೇಕು: “ಕುರಿ ಹಿಕ್ಕಿ ಬಿಟ್ಟು ಬ್ಯಾರೆ ಏನ್ ಗೊತ್ತೈತ್ರಿ ನಿಮಗ?”

ನೀವು ಕಂಬಳಿ ಹೆಗಲಿಗೆ ಎಳೆದುಕೊಂಡು ಮಡ್ಡಿ ಇಳಿದು ಹೋದಿರಿ. ನಾನು ಗೋಕಾಕಕ್ಕೆ ಬಂದು ಈ ಕೋಣೆ ಹಿಡಿದೆ. ದಿನಾ ಬಸ್ಸಿನ ಓಡಾಟ ಸಾಕಾಯಿತು ಎಂದು ಎಲ್ಲರಿಗೂ ಹೇಳಿದೆ. ನಮ್ಮೂರು ಬೆಲ್ಲದ ಬಾಗೇವಾಡಿಯಲ್ಲಿ ಅದನ್ನು ಯಾರೂ ನಂಬಿಲ್ಲ ಎಂದು ಗೊತ್ತು.

ಗೊಬ್ಬರದ ವಿಷಯದಲ್ಲಿ ನನ್ನ ಮಾತು ಈಗಲೂ ಅದೇ, ಅದರಲ್ಲಿ ಬಗ್ಗುವವಳಲ್ಲ. ಆದರೆ ನಾನೂ ಕುರಿ ಸಾಕಿದ ಮನೆಯಲ್ಲೇ ಹುಟ್ಟಿದವಳು, ಒಂದು ರಾತ್ರಿ ಹಿಂಡು ತರುಬಿದರೆ ಎಷ್ಟು ಕಾಳು, ದುಡ್ಡು ಸಿಗುತ್ತದೆಂದು ಬಲ್ಲೆ. ಆ ಹೊತ್ತಿನಲ್ಲಿ ಊರಿನವರೆಲ್ಲ ತಮ್ಮ ಹೊಲಕ್ಕೆ ತರುಬಿರಿ ಎಂದು ನಿಮ್ಮ ಬೆನ್ನು ಬಿದ್ದಿದ್ದರು. ಅವರನ್ನೆಲ್ಲ ಬಿಟ್ಟು, ಒಂದು ಕಾಳೂ ಬೆಳೆಯದ ಮಡ್ಡಿಗೆ ನೀವು ಹಿಂಡು ಹೊಡೆದುಕೊಂಡು ಹೋದಿರಿ, ನನ್ನ ಹೂವಿಗಾಗಿ. ಅಷ್ಟು ದೊಡ್ಡದನ್ನು ನನಗೆ ಯಾರೂ ಕೊಟ್ಟಿಲ್ಲ.

ಈಗ ಈ ಬೇಲಿ. ಕುರಿ ಕೂತರೆ ಕೆಟ್ಟಿತು, ಖರೆ. ಕುರಿ ಬಾರದೇ ಇದ್ದರೂ ಕೆಡುತ್ತದೆ. ಹುಲ್ಲು ಮೊಣಕಾಲುದ್ದ ಬೆಳೆದರೆ ಆ ಎಲೆಗೆ ಬೆಳಕೇ ತಾಗುವುದಿಲ್ಲ. ಇಷ್ಟು ಕಾಲ ಅದು ಬದುಕಿದ್ದೇ ನಿಮ್ಮ ಕುರಿಗಳು ಅಲ್ಲಿ ಮೇಯುತ್ತ ಹಾದು ಹೋಗುತ್ತಿದ್ದುದರಿಂದ. ಎಲೆ ನೆಲಕ್ಕಂಟಿರುತ್ತದೆ, ಕುರಿಯ ಬಾಯಿಗೆ ಸಿಗುವುದಿಲ್ಲ. ದಂಟು ಎದ್ದ ಮೇಲೆ ಹೂ ಮುಗಿಯುವ ತನಕ ಮಾತ್ರ ದೂರ ಇಡಿ. ದಂಟು ಏಳುವವರೆಗೆ ಕೂರಿಸಲೂ ಬೇಡಿ, ತಡೆಯಲೂ ಬೇಡಿ. ಮೇಯಿಸಿಕೊಂಡು ದಾಟಿಸಿ, ಅಷ್ಟು ಸಾಕು.

ನಾನು ಬರುವುದಿಲ್ಲ. ಹೊಸ ಪ್ರವೇಶದ ಕೆಲಸ ತಲೆಯ ಮೇಲೆ ಕೂತಿದೆ. ಬಂದರೂ ನೋಡಲು ಅಲ್ಲಿ ಏನು ಉಳಿದಿದ್ದೀತು? ನಿಮ್ಮ ಹಳೇ ಕಂಬಳಿಯ ಚಿಂದಿ ಕಟ್ಟಿದ ಗೂಟವಿದೆಯಲ್ಲ, ಅದರ ಸುತ್ತ ಹುಲ್ಲು ಬಹಳ ದಟ್ಟವಾಗಿದೆ. ಅಲ್ಲಿಂದಲೇ ಶುರು ಮಾಡಿ.

ಮತ್ತೆ ಮಳೆ ಹಿಡಿಯಿತು. ಈಗಲೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಇನ್ನೊಂದು ಸಲ ಓದಿದರೆ ಹರಿದುಬಿಡುತ್ತೇನೆ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ಅನ್ನಪೂರ್ಣಾ

ಮರೆತಿದ್ದು: ಯಲ್ಲವ್ವ ಏನೂ ಹೇಳಿಲ್ಲ, ಅವಳನ್ನು ಕೇಳಿ ನನ್ನ ಮಾನ ಕಳೆಯಬೇಡಿ. ಭಾನುವಾರ ನಾನೇ ಬಂದಿದ್ದೆ. ನೀವು ಆಚೆ ದಿಬ್ಬದ ಮೇಲೆ ಈ ಕಡೆ ಬೆನ್ನು ಮಾಡಿ ಕುರಿ ಕಾಯುತ್ತಿದ್ದಿರಿ, ಕರೆಯಲು ಬಾಯಿ ಬರಲಿಲ್ಲ. ಆ ಗೂಟದ ಬುಡದಲ್ಲಿ, ಹುಲ್ಲಿನ ಸಂದಿಯಲ್ಲಿ, ಒಂದು ಎಲೆ ಬಂದಿದೆ. ಒಂದೇ. ಮುಟ್ಟಲು ಹೋಗಿ ಬೇಲಿಯ ಮುಳ್ಳಿಗೆ ಮುಂಗೈ ಗೀರಿಕೊಂಡೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೇಲಿ ಪೂರ್ತಿ ಕೀಳಲು ಪುರಸೊತ್ತು ಸಿಗದಿದ್ದರೆ, ನಿಮ್ಮ ಕುರಿಗಳೂ ನಾನೂ ಒಳಗೆ ಹೋಗುವಷ್ಟು ಸಂದು ಮಾಡಿಡಿ.