ಸಾಹೇಬರ ಸನ್ಮಾನದ ದಿನದ ಚಾರ್ಜು

ಕೊಪ್ಪಳದ ಮೇಲಿನ ಮೋಡಠಾಣೆ
ಕ್ರಿ.ಶ. ೨೪೧೮, ಎರಡನೆಯ ಶ್ರಾವಣ, ಮೂವತ್ತನಾಲ್ಕನೆಯ ತಾರೀಖು

ಹಿಂದಿನ ಕಾಲದ ಕಚೇರಿಗಳಲ್ಲಿ ಕುಳಿತಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಯನ್ನು ನಾವೇ ಸುರಿಸತೊಡಗಿದ ಮೇಲೆ, ಪಾಲಿನ ಮಳೆ ಮುಗಿಯದೆ ತಿಂಗಳು ಮುಗಿಸುವಂತಿಲ್ಲ ಎಂದು ನಿಯಮವಾಗಿದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಿಮ್ಮ ಹಳೆಯ ಕಡತಗಳನ್ನು ಓದುವಾಗ ನನಗೂ ಹಾಗೇ ಆಗಿತ್ತು. ಆದರೆ ಅವುಗಳಲ್ಲಿ ಚಾರ್ಜು, ವರ್ಗಾವಣೆ, ಸನ್ಮಾನ ಎಂಬ ಪದಗಳನ್ನು ಕಂಡಾಗ ನೀವು ನಮ್ಮವರೇ ಎನಿಸಿ ಪ್ರೀತಿ ಉಕ್ಕಿತು.

ನಾನು ಮೋಡ ಇಲಾಖೆಯ ಎರಡನೆಯ ಅಧಿಕಾರಿ. ನಮ್ಮ ಠಾಣೆ ಮುಗಿಲಲ್ಲಿ ತೇಲುತ್ತದೆ. ದನ ಹೊಡೆದಂತೆ ಮೋಡಗಳನ್ನು ಹೊಲದಿಂದ ಹೊಲಕ್ಕೆ ಅಟ್ಟುವವರನ್ನು ಮೋಡಗಾರರು ಎನ್ನುತ್ತೇವೆ. ನೆಲಕ್ಕೆ ಹೋಗಿಬರಲು ಜೋಡಿತೊಟ್ಟಿಲು ಇದೆ; ಒಂದು ಇಳಿದರೆ ಇನ್ನೊಂದು ಏರುತ್ತದೆ, ನಡುದಾರಿಯಲ್ಲಿ ಎರಡೂ ಅಕ್ಕಪಕ್ಕ ನಿಂತು ದಣಿವಾರಿಸಿಕೊಳ್ಳುತ್ತವೆ. ಇಲ್ಲಿನ ತೇವಕ್ಕೆ ಮಂಡಕ್ಕಿ ಮೆತ್ತಗಾಗುವುದೊಂದು ಬಿಟ್ಟರೆ ಬದುಕು ಸುಖವಾಗಿದೆ. ಆದೇಶಗಳನ್ನು ಯಂತ್ರಗಳೇ ಬರೆಯುತ್ತವೆ. ಆದರೆ ಜೀವವಿರುವ ಅಧಿಕಾರಿಯೊಬ್ಬರು ಬೆಚ್ಚಗಿನ ಬೆರಳು ಒತ್ತದೆ ಯಾವ ಆದೇಶವೂ ನಡೆಯದು. ಇದಕ್ಕೆ ಬಿಸಿಬೆರಳು ಎಂದು ಹೆಸರು. ಹೀಗಾಗಿ ಕಚೇರಿಯ ರಾಜಕೀಯವೆಲ್ಲ ಒಂದು ಬೆರಳಿನ ಸುತ್ತ ತಿರುಗುತ್ತದೆ.

ಆ ಬೆರಳು ನಮ್ಮ ಹಿರಿಯ ಅಧಿಕಾರಿ ಚನ್ನವೀರಯ್ಯ ಸಾಹೇಬರದು. ಮೋಡದ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ; ಹಟದಲ್ಲಿಯೂ ಇಲ್ಲ. ಮೋಡಗಾರ್ತಿ ರೇಣಮ್ಮ ನೌಕರರ ಸಂಘದ ಚುನಾವಣೆಯಲ್ಲಿ ಅವರ ಭಾವಮೈದುನನನ್ನು ಸೋಲಿಸಿದ್ದಳು. ಅಂದಿನಿಂದ ನೆಲದ ಠಾಣೆಗೆ ವರ್ಗ ಕೇಳಿದ ಅವಳ ಅರ್ಜಿ ಮಲಗಿಬಿಟ್ಟಿತ್ತು. ಅವಳ ಪುಟ್ಟ ಮಗಳು ಕೆಳಗೆ ಅಜ್ಜಿಯ ಬಳಿ ಇದ್ದಳು. ಮೊದಲೆಲ್ಲ ಪರದೆಯಲ್ಲಿ ತಾಯಿಯನ್ನು ಕಂಡರೆ ಅಳುತ್ತಿದ್ದ ಕೂಸು ಈಗ ನೋಡಿ ಆಟಕ್ಕೆ ಓಡಿಹೋಗತೊಡಗಿತ್ತು. ವರ್ಗಾವಣೆಯ ಕಾಲ ಆ ವಾರವೇ ಮುಗಿಯುವುದಿತ್ತು. ತಪ್ಪಿದರೆ ಮತ್ತೆ ಎರಡು ವರ್ಷ. ನನಗೆ ಮೈಯೆಲ್ಲ ಉರಿಯಿತು.

ನಮ್ಮಲ್ಲಿ ಇಲಾಖಾ ಪರೀಕ್ಷೆಗಾಗಿ ನಿಯಮಾವಳಿಯನ್ನು ಎಲ್ಲರೂ ಬಾಯಿಪಾಠ ಮಾಡಿ, ಪಾಸಾದ ಮರುದಿನ ಮರೆಯುತ್ತಾರೆ. ನಾನು ಎರಡು ಸಲ ಫೇಲಾಗಿದ್ದರಿಂದ ಮೂರು ಸಲ ಓದಿದ್ದೆ; ಫೇಲಾಗುವುದರಲ್ಲೂ ಲಾಭವಿದೆ. ಅಧಿಕಾರಿ ರಜೆ ಹಾಕಿದರೆ ಎರಡನೆಯವರಿಗೆ ಚಾರ್ಜು. ಚಾರ್ಜು ಎಂದರೆ ಕುರ್ಚಿ ಕಾಯುವುದಲ್ಲ, ಪೂರ್ಣ ಅಧಿಕಾರ ಎಂದು ಅದರಲ್ಲಿದೆ. ಆದರೆ ಸಾಹೇಬರು ರಜೆ ಹಾಕಿದ್ದನ್ನು ಕಂಡವರೇ ಇರಲಿಲ್ಲ. ಎಲ್ಲಿಗೆ ಹೋದರೂ ಕರ್ತವ್ಯದ ಮೇಲೆ ಎಂದು ಬರೆಸಿ ಅಧಿಕಾರವನ್ನು ಕಂಕುಳಲ್ಲಿಟ್ಟುಕೊಂಡೇ ಹೋಗುತ್ತಿದ್ದರು. ಆಗ ಇನ್ನೊಂದು ನಿಯಮ ನೆನಪಾಯಿತು: ಸನ್ಮಾನ ಮಾಡಿಸಿಕೊಳ್ಳುವುದು ಸ್ವಂತದ ಸಂತೋಷ, ಅದಕ್ಕೆ ರಜೆ ಹಾಕಿಯೇ ಹೋಗಬೇಕು.

ಹಿಂದಿನ ವರ್ಷ ಸಾಹೇಬರು ಸಮಯಕ್ಕೆ ಕಳುಹಿಸಿದ ಮೋಡದಿಂದ ಒಂದು ಊರಿನ ಜೋಳವೆಲ್ಲ ಉಳಿದಿತ್ತು. ಆ ಊರಿನ ಸಂಘದವರ ಕಿವಿಗೆ ಒಂದು ಮಾತು ಹಾಕಿದೆ. ಅವರಿಗೂ ಅಷ್ಟೇ ಬೇಕಾಗಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದು ಆಹ್ವಾನ ಬಂತು. ರಜೆ ಹಾಕಬೇಕಾಗುತ್ತದೆ, ಚಾರ್ಜು ನನಗೆ ಬರುತ್ತದೆ ಎಂದು ನಾನೇ ಸಾಹೇಬರಿಗೆ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಅವರು ಪೇಟದ ಬಣ್ಣ ವಿಚಾರಿಸುತ್ತಲೇ ರಜೆಗೆ ಬೆರಳು ಒತ್ತಿ, ಕುರ್ಚಿ ನೋಡಿಕೊಳ್ಳಿ ಎಂದು ಹೊರಟರು.

ಆ ಮಧ್ಯಾಹ್ನ ರೇಣಮ್ಮನ ವರ್ಗಾವಣೆಯ ಆದೇಶ ತೆಗೆದೆ. ನಿಯಮ ಓದಿದ್ದು ತಪ್ಪಾಗಿದ್ದರೆ ನನ್ನ ಕುರ್ಚಿಗೂ ಸಂಚಕಾರ. ಹೆದರಿಕೆಗೆ ಬೆರಳು ತಣ್ಣಗಾಗಿ ಯಂತ್ರ ಒಪ್ಪಲೇ ಇಲ್ಲ. ಚಹಾದ ಲೋಟಕ್ಕೆ ಹಿಡಿದು ಬಿಸಿ ಮಾಡಿಕೊಂಡು ಒತ್ತಿದೆ.

ಮರುದಿನ ಬೆಳಿಗ್ಗೆ ರೇಣಮ್ಮ ಗಂಟುಮೂಟೆ ಕಟ್ಟಿಕೊಂಡು ಇಳಿಯುತ್ತಿದ್ದಳು. ಸಾಹೇಬರು ಪೇಟ ಸುತ್ತಿಕೊಂಡು ಏರುತ್ತಿದ್ದರು. ತೊಟ್ಟಿಲುಗಳು ನಡುದಾರಿಯಲ್ಲಿ ಅಕ್ಕಪಕ್ಕ ನಿಂತವು. ಎಲ್ಲಿಗೆ ಎಂದು ಅವರು ಕೇಳಿದರು. ಮಗಳ ಹತ್ತಿರ ಎಂದು ಅವಳು ಕೈಮುಗಿದಳು. ರಜೆಗೆ ಹೊರಟಿರಬೇಕು ಎಂದುಕೊಂಡ ಸಾಹೇಬರು, ಸನ್ಮಾನದ ಖುಷಿಯಲ್ಲಿ ಹಗೆ ಮರೆತು, ಬುಟ್ಟಿಯಿಂದ ಎರಡು ದಾಳಿಂಬೆ ತೆಗೆದು ಅವಳ ಮಡಿಲಿಗೆ ಹಾಕಿದರು.

"ಕೂಸಿಗೆ ಕೊಡವ್ವ," ಅಂದರಂತೆ. "ಅವ್ವ ಬರಿಗೈಲೆ ಬಂದ್ಲು ಅನಬಾರ್ದು."

ಠಾಣೆಗೆ ಬಂದು ಆದೇಶ ನೋಡಿದವರೇ ಕೆಂಪಾದರು. ಯಾವ ನಿಯಮ ಎಂದು ಗದರಿದರು, ಓದಿ ಹೇಳಿದೆ. ರದ್ದು ಮಾಡಿಸಲು ಮೇಲಿನವರಿಗೆ ಬರೆಯುವ ಹಕ್ಕು ಅವರಿಗೂ ಇತ್ತು. ಆ ನಿಯಮವನ್ನೂ ನಾನೇ ಓದಿದೆ. ಸಾಹೇಬರು ಪೇಟ ತೆಗೆಯದೆಯೇ ಬುಟ್ಟಿಯಲ್ಲಿ ಉಳಿದ ಹಣ್ಣುಗಳ ಕಡೆ ನೋಡಿದರು. ನನ್ನ ಕಡೆ ತಿರುಗದೆಯೇ ಹೇಳಿದರು.

"ಕೂಸಿನ ಕೈಗೆ ಹಣ್ಣು ಕೊಟ್ಟು, ಅವ್ವನ್ನ ಹೆಂಗ ಕಸ್ಕೊಳ್ಳಲಿ, ಹುಲಿಗೆಮ್ಮ?"

ಹಿರಿಯರೇ, ನನ್ನದೊಂದು ಕೋರಿಕೆ. ಪಾಸಾದ ಮೇಲೂ ನಿಮ್ಮ ನಿಯಮಾವಳಿಯನ್ನು ಮತ್ತೊಮ್ಮೆ ಓದಿ. ನಿಮ್ಮ ಸಾಹೇಬರಿಗೂ ಒಂದು ಸನ್ಮಾನ ಮಾಡಿಸಿ. ಆದರೆ ಅವರು ನಿಜವಾಗಿ ಮಾಡಿದ ಒಳ್ಳೆಯ ಕೆಲಸಕ್ಕೇ ಮಾಡಿಸಿ. ರೇಣಮ್ಮನನ್ನು ಕೆಳಗಿಳಿಸಿದ್ದು ನಿಯಮ. ಅವಳು ಕೆಳಗೇ ಉಳಿದದ್ದು ಸಾಹೇಬರು ಅಂದು ಸಂತೋಷವಾಗಿದ್ದರಿಂದ.

ನಿಮ್ಮ ಮುಂದಿನವಳು,
ಹುಲಿಗೆಮ್ಮ